ತಿಂಗಳ ಬರವಣಿಗೆಯ ಸ್ಪರ್ಧೆ: ತೀರ್ಪು ಹೇಗೆ ನಡೆಯಬೇಕು?

ಹೊರನಾಡಿನ ಕನ್ನಡ ಸಂಘಗಳು ನಡೆಸುವ ಕಾರ್ಯಕ್ರಮಗಳಲ್ಲಿ ಬರವಣಿಗೆಯ ಸ್ಪರ್ಧೆಯದು ತೀರ ಸದ್ದಿಲ್ಲದ ಕಾರ್ಯಕ್ರಮ. ರಾಜ್ಯೋತ್ಸವದ ನಾಟಕಕ್ಕೂ ಗಣೇಶೋತ್ಸವದ ಗಾಯನಕ್ಕೂ ಸಭಾಗೃಹ ತುಂಬುತ್ತದೆ. ಬರವಣಿಗೆಯ ಸ್ಪರ್ಧೆಗೆ ಹತ್ತೋ ಹದಿನೈದೋ ಲಕೋಟೆಗಳು ಬಂದರೆ ಕಾರ್ಯದರ್ಶಿಗಳು ಸಂತೋಷಪಡುತ್ತಾರೆ. ಆದರೆ ಮನೆಮಾತಾಗಿ ಮಾತ್ರ ಉಳಿದಿರುವ ಕನ್ನಡವನ್ನು ಕಾಗದದ ಮೇಲೆ ಇಳಿಸುವ ಸಾಹಸ ಮಾಡುವವರು ಈ ಹದಿನೈದು ಮಂದಿಯೇ ಎಂಬುದನ್ನು ಮರೆಯುವಂತಿಲ್ಲ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಒಂದು ಸ್ಪರ್ಧೆಯಲ್ಲಿ ಅನ್ಯಾಯವಾಯಿತೆಂದು ಬೇಸರಗೊಂಡವನು ಮತ್ತೊಂದು ಪತ್ರಿಕೆಗೆ ಬರೆದಾನು. ಪುಣೆಯಲ್ಲಿ ಬೇಸರಗೊಂಡವನು ಸಾಮಾನ್ಯವಾಗಿ ಕನ್ನಡದಲ್ಲಿ ಬರೆಯುವುದನ್ನೇ ಬಿಡುತ್ತಾನೆ. ಆದುದರಿಂದ ತೀರ್ಪಿನ ಕ್ರಮವನ್ನು ಕುರಿತು ಸ್ವಲ್ಪ ವಿವರವಾಗಿಯೇ ವಿಚಾರ ಮಾಡುವುದು ಉಚಿತ.

ವಾರ್ಷಿಕ ಸ್ಪರ್ಧೆಗೂ ತಿಂಗಳ ಸ್ಪರ್ಧೆಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ವರ್ಷಕ್ಕೊಮ್ಮೆ ಆದ ತಪ್ಪು ಮುಂದಿನ ವರ್ಷದ ಹೊತ್ತಿಗೆ ಮಾಸಿಹೋಗುತ್ತದೆ. ತಿಂಗಳ ಸ್ಪರ್ಧೆಯಲ್ಲಿಯಾದರೋ ಅವರೇ ಬರೆಯುತ್ತಾರೆ, ಅವರೇ ಓದುತ್ತಾರೆ, ಅವರೇ ತೀರ್ಪು ಕೊಡುತ್ತಾರೆ. ಒಂದು ಸಣ್ಣ ಪಕ್ಷಪಾತ ಹನ್ನೆರಡು ಸಲ ಪುನರಾವರ್ತನೆಯಾದರೆ ಅದು ಪಕ್ಷಪಾತವಾಗಿ ಉಳಿಯದೆ ಸಂಪ್ರದಾಯವಾಗಿಬಿಡುತ್ತದೆ. "ಬಹುಮಾನ ಯಾರಿಗೆಂದು ಮೊದಲೇ ಗೊತ್ತಿತ್ತು" ಎಂಬ ಮಾತು ಸಭಾಗೃಹದ ಮೆಟ್ಟಿಲ ಮೇಲೆ ಕೇಳಿಬಂದರೆ ಆ ಸ್ಪರ್ಧೆಗೆ ಆಯುಷ್ಯ ಹೆಚ್ಚಿಲ್ಲವೆಂದು ತಿಳಿಯಬೇಕು.

ಈ ಪಕ್ಷಪಾತ ತೀರ್ಪುಗಾರರ ದುರ್ಬುದ್ಧಿಯಿಂದ ಹುಟ್ಟುವುದು ಅಪರೂಪ. ಸಂಘದ ಹಿರಿಯರು ಸಾಮಾನ್ಯವಾಗಿ ಸಜ್ಜನರೇ ಆಗಿರುತ್ತಾರೆ. ಆದರೆ ಸಜ್ಜನಿಕೆ ಬೇರೆ, ಅಳತೆ ಬೇರೆ. 1912ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ವಿದ್ವಾಂಸರು ಪ್ರೌಢಶಾಲಾ ವಿದ್ಯಾರ್ಥಿಗಳ ಎರಡು ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು ಹಲವಾರು ಶಾಲೆಗಳಿಗೆ ಕಳುಹಿಸಿ, ಅಲ್ಲಿನ ಉಪಾಧ್ಯಾಯರಿಂದ ಅಂಕ ಹಾಕಿಸಿದರು. 142 ಶಾಲೆಗಳಿಂದ ಉತ್ತರ ಬಂದಿತು. ಒಂದು ಪತ್ರಿಕೆಗೆ 64ರಿಂದ 98ರವರೆಗೆ, ಮತ್ತೊಂದಕ್ಕೆ 50ರಿಂದ 97ರವರೆಗೆ ಅಂಕಗಳು ಬಿದ್ದಿದ್ದವು. ಬರವಣಿಗೆ ಅದೇ, ಕಾಗದ ಅದೇ. ಅನುತ್ತೀರ್ಣನೂ ಅವನೇ, ಪ್ರಥಮ ಶ್ರೇಣಿಯೂ ಅವನದೇ! ಇವರೆಲ್ಲ ಮಕ್ಕಳ ಬರವಣಿಗೆಯನ್ನು ತಿದ್ದುವುದನ್ನೇ ವೃತ್ತಿಯಾಗಿಸಿಕೊಂಡವರು. ವರ್ಷಕ್ಕೆ ಹತ್ತು ಕಥೆ ಓದಿ ತೀರ್ಪು ಕೊಡುವ ನಮ್ಮ ಬ್ಯಾಂಕ್ ಅಧಿಕಾರಿಗಳೂ ನಿವೃತ್ತ ಇಂಜಿನಿಯರರೂ ಇವರಿಗಿಂತ ಸ್ಥಿರವಾದ ತಕ್ಕಡಿಯನ್ನು ಹಿಡಿದಿರುವರೆಂದು ನಂಬಲು ಕಾರಣವಿಲ್ಲ.

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳು ಹೆಚ್ಚಾಗಿರುವುದರಿಂದ ವೈದ್ಯಶಾಸ್ತ್ರದಿಂದಲೇ ಒಂದು ಉದಾಹರಣೆಯನ್ನು ಕೊಡಬಹುದು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಗುಣ ಕಾಣುವುದೇ ಎಂಬ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಯ ವರದಿ 1948ರಲ್ಲಿ ಪ್ರಕಟವಾಯಿತು. ರೋಗಿಗಳು 107 ಮಂದಿ. ಯಾರಿಗೆ ಔಷಧಿ, ಯಾರಿಗೆ ಬರಿಯ ವಿಶ್ರಾಂತಿ ಎಂಬುದು ಮೊದಲೇ ಮುಚ್ಚಿಟ್ಟ ಲಕೋಟೆಗಳಿಂದ ನಿರ್ಧಾರವಾಗುತ್ತಿತ್ತು. ಎದೆಯ ಕ್ಷ-ಕಿರಣ ಚಿತ್ರಗಳನ್ನು ಮೂವರು ವೈದ್ಯರು, ಒಬ್ಬರು ಮತ್ತೊಬ್ಬರೊಡನೆ ಸಮಾಲೋಚಿಸದೆ, ಚಿತ್ರ ಯಾವ ಗುಂಪಿನ ರೋಗಿಯದೆಂದು ತಿಳಿಯದೆ ನೋಡಿ ಅಭಿಪ್ರಾಯ ಬರೆದರು. ಆ ವೈದ್ಯರನ್ನು ಯಾರೂ ಸಂಶಯಿಸಿರಲಿಲ್ಲ. ಔಷಧಿ ಕೊಟ್ಟಿದೆಯೆಂದು ತಿಳಿದಾಗ ಕಣ್ಣು ಗುಣವನ್ನೇ ಹುಡುಕುತ್ತದೆ ಎಂಬ ಮನುಷ್ಯಸ್ವಭಾವಕ್ಕೆ ಮಾಡಿದ ಏರ್ಪಾಡು ಅದು. ಮೂವರು ಓದುಗರು, ಪ್ರತ್ಯೇಕ ಓದು, ಹೆಸರಿನ ಮರೆ: ಬರವಣಿಗೆಯ ಸ್ಪರ್ಧೆಗೂ ಇವೇ ಮೂರು ಆಧಾರಗಳು ಸಾಕು. ಉಳಿದದ್ದೆಲ್ಲ ಇವನ್ನು ಕೆಡದಂತೆ ಕಾಯುವ ಎಚ್ಚರ.

ಹೆಸರನ್ನು ಮರೆಮಾಡುವುದು ಕೇಳಲು ಸುಲಭ. ಸಣ್ಣ ಸಮುದಾಯದಲ್ಲಿ ಕಷ್ಟ. ಕಾವ್ಯನಾಮದಲ್ಲಿ ಬರೆಯಿರೆಂದು ಹೇಳುವ ಪದ್ಧತಿ ಹಲವೆಡೆ ಇದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವೀಧರರಾದ ದ. ರಾ. ಬೇಂದ್ರೆಯವರು ಮುಂದೆ 'ಅಂಬಿಕಾತನಯದತ್ತ'ರಾದುದನ್ನು ಅರಿಯದ ಕನ್ನಡಿಗರಿಲ್ಲ. ಕಾವ್ಯನಾಮ ಹೆಸರನ್ನು ಮುಚ್ಚುವುದಕ್ಕಿಂತ ಎರಡನೆಯ ಹೆಸರಾಗಿ ನಿಲ್ಲುವುದೇ ಹೆಚ್ಚು. ಸಂಘದಲ್ಲಿಯೂ ಮೂರನೆಯ ತಿಂಗಳಿಗೆ 'ಮುಠಾತೀರ' ಯಾರು, 'ಸಹ್ಯಾದ್ರಿ' ಯಾರು ಎಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ಆದುದರಿಂದ ಹೆಸರಿಗೆ ಬದಲಾಗಿ ಅಂಕೆ ಇರಲಿ, ಅದೂ ತಿಂಗಳು ತಿಂಗಳಿಗೆ ಬದಲಾಗಲಿ. ಕೈಬರಹವೂ ಗುರುತು ಹೇಳುತ್ತದೆ. ಅಂದವಾದ ಕೈಬರಹ ಓದುಗನ ಮನಸ್ಸನ್ನು ಮೊದಲೇ ಒಲಿಸಿಕೊಳ್ಳುವುದು ಬೇರೆ. ಬಂದ ಬರಹಗಳನ್ನೆಲ್ಲ ಒಂದೇ ಅಕ್ಷರಶೈಲಿಯಲ್ಲಿ, ಒಂದೇ ಗಾತ್ರದ ಕಾಗದದಲ್ಲಿ ಬೆರಳಚ್ಚು ಮಾಡಿಸಿ ತೀರ್ಪುಗಾರರಿಗೆ ಕೊಡುವುದು ಒಳ್ಳೆಯದು. ಹೆಸರು ಮತ್ತು ಅಂಕೆಗಳ ಪಟ್ಟಿ ಒಬ್ಬರ ಬಳಿ ಮಾತ್ರ ಇರಬೇಕು. ಅವರು ಸ್ಪರ್ಧೆಗೆ ಬರೆಯುವವರೂ ಆಗಿರಬಾರದು, ತೀರ್ಪುಗಾರರೂ ಆಗಿರಬಾರದು. ಇಂಥವರು ಸಂಘದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ: ಸಾಹಿತ್ಯದಲ್ಲಿ ಆಸಕ್ತಿಯಿಲ್ಲ, ಲೆಕ್ಕದಲ್ಲಿ ಮಾತ್ರ ಕಟ್ಟುನಿಟ್ಟು. ಅವರನ್ನು ಹಿಡಿದು ಕೂರಿಸಬೇಕು.

ಓದುವ ಕ್ರಮವೂ ಫಲಿತಾಂಶವನ್ನು ಬದಲಿಸುತ್ತದೆ. ಬ್ರಸೆಲ್ಸ್ ನಗರದಲ್ಲಿ ನಡೆಯುವ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ಹಲವು ವರ್ಷಗಳ ಫಲಿತಾಂಶಗಳನ್ನು 1996ರಲ್ಲಿ ಇಬ್ಬರು ಸಂಶೋಧಕರು ಪರಿಶೀಲಿಸಿದಾಗ, ಅಂತಿಮ ಸುತ್ತಿನ ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಸಂಭವ ಕಡಿಮೆ ಎಂದು ಕಂಡುಬಂದಿತು. ಅಲ್ಲಿ ಯಾರು ಯಾವ ದಿನ ನುಡಿಸಬೇಕೆಂಬುದು ಚೀಟಿ ಎತ್ತಿ ನಿಶ್ಚಯವಾಗುವುದರಿಂದ ಇದು ಪ್ರತಿಭೆಯ ವ್ಯತ್ಯಾಸವಾಗಿರಲಾರದು. ಸಂಗೀತಗಾರರನ್ನು ಮೂವರ ಮುಂದೆ ಮೂರು ಕ್ರಮಗಳಲ್ಲಿ ಕೂರಿಸಲಾಗದು; ಕಾಗದಗಳಿಗೆ ಆ ತೊಂದರೆಯಿಲ್ಲ. ಮೊದಲನೆಯವರಿಗೆ ಒಂದರಿಂದ, ಎರಡನೆಯವರಿಗೆ ಆರರಿಂದ, ಮೂರನೆಯವರಿಗೆ ಹನ್ನೊಂದರಿಂದ ಆರಂಭವಾಗುವಂತೆ ಕಟ್ಟನ್ನು ಜೋಡಿಸಿಕೊಟ್ಟರೆ ಆಯಿತು. ರಾತ್ರಿ ಊಟದ ನಂತರ ಹದಿನೈದನ್ನೂ ಒಂದೇ ಬೈಠಕ್ಕಿನಲ್ಲಿ ಮುಗಿಸುವ ಅಭ್ಯಾಸವನ್ನೂ ತೀರ್ಪುಗಾರರು ಬಿಡಬೇಕು. ಹನ್ನೆರಡನೆಯ ಕಥೆಯ ಹೊತ್ತಿಗೆ ನಿದ್ದೆಯೇ ತೀರ್ಪುಗಾರನಾಗಿರುತ್ತದೆ.

ಇನ್ನು ಅಂಕಗಳ ವಿಚಾರ. ಮೂವರೂ ನೂರಕ್ಕೆ ಇಷ್ಟೆಂದು ಅಂಕ ಹಾಕಿ, ಕೂಡಿಸಿ, ಹೆಚ್ಚು ಬಂದವರಿಗೆ ಬಹುಮಾನ ಕೊಡುವ ರೂಢಿ ಎಲ್ಲೆಡೆ ಇದೆ. ಇದರಲ್ಲಿರುವ ದೋಷ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಕ, ಖ, ಗ ಎಂಬ ಮೂರು ಬರಹಗಳು ಇವೆಯೆನ್ನೋಣ. ಮೊದಲನೆಯ ತೀರ್ಪುಗಾರರು ಕ್ರಮವಾಗಿ 68, 65, 62 ಕೊಟ್ಟರು. ಎರಡನೆಯವರು 66, 64, 61 ಕೊಟ್ಟರು. ಇಬ್ಬರೂ ಕೈಬಿಗಿಯಾದವರು, ಆದರೆ ಇಬ್ಬರ ಕ್ರಮವೂ ಒಂದೇ. ಮೂರನೆಯವರು ಉದಾರರು, ಕೋಪಿಷ್ಠರೂ ಹೌದು. ಅವರು ಕ-ಗೆ 45, ಖ-ಗೆ 60, ಗ-ಗೆ 92 ಕೊಟ್ಟರು. ಕೂಡಿಸಿ ನೋಡಿರಿ: ಕ 179, ಖ 189, ಗ 215. ಇಬ್ಬರು ಕಡೆಯ ಸ್ಥಾನದಲ್ಲಿರಿಸಿದ ಬರಹ ದೊಡ್ಡ ಅಂತರದಿಂದ ಗೆದ್ದಿತು. ಇಬ್ಬರು ಮೊದಲ ಸ್ಥಾನದಲ್ಲಿರಿಸಿದ ಬರಹ ಕಡೆಗೆ ಬಿದ್ದಿತು. ಹೆಸರಿಗೆ ಮೂವರು ತೀರ್ಪುಗಾರರು, ವಾಸ್ತವದಲ್ಲಿ ಒಬ್ಬರೇ. ಅಂಕಗಳಿಗೆ ಬದಲಾಗಿ ಸ್ಥಾನಗಳನ್ನು ಕೂಡಿಸಿದರೆ ಕ-ಗೆ 1, 1, 3 ಸೇರಿ 5. ಖ-ಗೆ 2, 2, 2 ಸೇರಿ 6. ಗ-ಗೆ 3, 3, 1 ಸೇರಿ 7. ಕಡಿಮೆ ಮೊತ್ತ ಬಂದ ಕ ಗೆಲ್ಲುತ್ತದೆ.

ಇದು ಹೊಸ ಯುಕ್ತಿಯಲ್ಲ. ಫ್ರಾನ್ಸಿನ ಗಣಿತಜ್ಞನೂ ನೌಕಾಧಿಕಾರಿಯೂ ಆಗಿದ್ದ ಬೋರ್ಡಾ ಎಂಬವನು 1770ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದ ವಿಧಾನದ ಮನೆಬಳಕೆಯ ರೂಪ. ಇದರಲ್ಲಿಯೂ ಕುಂದಿದೆ. ತನಗಾಗದವನ ಬರಹವನ್ನು ಬೇಕೆಂದೇ ಕಡೆಯ ಸ್ಥಾನಕ್ಕೆ ತಳ್ಳಿದರೆ ಲೆಕ್ಕ ಕೆಡುತ್ತದೆ. ಹೆಸರು ಮರೆಯಾಗಿದ್ದರೆ ಮಾತ್ರ ಆ ಅಪಾಯ ತಗ್ಗುತ್ತದೆ. ಹಾಗಾದರೆ 92 ಕೊಟ್ಟ ರಸಿಕನ ಉತ್ಕಟವಾದ ಮೆಚ್ಚುಗೆಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ. ಪ್ರತಿಯೊಬ್ಬ ತೀರ್ಪುಗಾರನಿಗೂ ಒಂದು ಬರಹವನ್ನು 'ನನ್ನ ಮೆಚ್ಚುಗೆ' ಎಂದು ಹೆಸರಿಸುವ ಹಕ್ಕಿರಲಿ. ಅದಕ್ಕೊಂದು ಪುಸ್ತಕದ ಬಹುಮಾನ ಪ್ರತ್ಯೇಕವಾಗಿರಲಿ. ಇಬ್ಬರಿಗೆ ಸಮಾನ ಮೊತ್ತ ಬಂದಾಗ ಹೆಚ್ಚು ಪ್ರಥಮ ಸ್ಥಾನಗಳಿದ್ದವರಿಗೆ ಬಹುಮಾನ, ಅದೂ ಸಮವಾದರೆ ಹಂಚಿಕೆ ಎಂಬ ನಿಯಮವನ್ನು ಬರಹಗಳು ಬರುವ ಮೊದಲೇ ಪ್ರಕಟಿಸಿರಬೇಕು.

ಭಾಷೆಯ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಪುಣೆಯಲ್ಲಿ ಮೈಸೂರಿನವರಿದ್ದಾರೆ, ಧಾರವಾಡ ವಿಜಾಪುರಗಳವರಿದ್ದಾರೆ, ಕರಾವಳಿಯವರಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯಿಂದ ಬಂದು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಕಲಿತವರಿದ್ದಾರೆ. ಇಲ್ಲಿಯೇ ಹುಟ್ಟಿ ಅಕ್ಷರಗಳನ್ನು ತಾಯಿಯಿಂದ ಕಲಿತ ಮಕ್ಕಳಿದ್ದಾರೆ. ಮೂವರು ತೀರ್ಪುಗಾರರೂ ಒಂದೇ ಸೀಮೆಯವರಾದರೆ ಉಳಿದವರ ಕನ್ನಡ ಅವರಿಗೆ ತಪ್ಪಾಗಿಯೇ ಕಾಣುತ್ತದೆ. ಅಕ್ಕಲಕೋಟೆಯ ಹೆಣ್ಣುಮಗಳು ತನ್ನ ಅಜ್ಜಿಯ ಬಾಯಲ್ಲಿ ಬರುವ ಮಾತನ್ನು ಇದ್ದಂತೆಯೇ ಬರೆದಿದ್ದರೆ ಅದು ವ್ಯಾಕರಣದೋಷವಲ್ಲ, ಅವಳ ಆಸ್ತಿ. ಅಲ್ಪಪ್ರಾಣ ಮಹಾಪ್ರಾಣಗಳ ದೋಷಗಳಿಗೆ ನೂರರಲ್ಲಿ ಹತ್ತು ಅಂಕಗಳಿಗಿಂತ ಹೆಚ್ಚಿನ ತೂಕ ಕೊಡಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ತೀರ್ಪುಗಾರರಲ್ಲಿ ಒಬ್ಬರನ್ನಾದರೂ ಪುಣೆಯ ಹೊರಗಿನಿಂದ ಆರಿಸಿದರೆ ಬಂಧುತ್ವ, ಸ್ನೇಹಗಳ ಗೊಡವೆ ಕಡಿಮೆಯಾಗುತ್ತದೆ. ಇಬ್ಬರಾದರೂ ಇಲ್ಲಿನವರಿದ್ದರೆ ಪೇಠ, ವಾಡೆಗಳ ಬದುಕು ಅವರಿಗೆ ಅಪರಿಚಿತವಾಗಿರುವುದಿಲ್ಲ. ತೀರ್ಪುಗಾರರ ಮನೆಯವರು ಆ ತಿಂಗಳು ಬರೆಯಬಾರದೆಂಬುದನ್ನು ಸಂಕೋಚವಿಲ್ಲದೆ ನಿಯಮವಾಗಿಸಬೇಕು.

ವಿಷಯವನ್ನು ಆರಿಸುವಾಗಲೂ ಇದೇ ಎಚ್ಚರ ಬೇಕು. 'ಮಲೆನಾಡಿನ ಮಳೆಗಾಲ' ಎಂದು ವಿಷಯ ಕೊಟ್ಟರೆ ತೀರ್ಥಹಳ್ಳಿಯವರು ಅರ್ಧ ಗೆದ್ದಂತೆಯೇ. 'ಬಾಡಿಗೆ ಮನೆ', 'ಮೊದಲ ಸಂಬಳ', 'ಊರಿನಿಂದ ಬಂದ ಪತ್ರ' ಇಂಥ ವಿಷಯಗಳಿಗೆ ಎಲ್ಲರ ಬಳಿಯೂ ಸರಕಿರುತ್ತದೆ. 500 ಪದಗಳ ಮಿತಿಯನ್ನು ಹಾಕಿದ ಮೇಲೆ 900 ಪದಗಳ ಬರಹವನ್ನು ಚೆನ್ನಾಗಿದೆಯೆಂದು ಒಳಗೆ ಬಿಟ್ಟರೆ, ಮಿತಿಯೊಳಗೆ ನಿಲ್ಲಲು ಒಳ್ಳೆಯ ಪುಟವೊಂದನ್ನು ಹರಿದುಹಾಕಿದವನಿಗೆ ಶಿಕ್ಷೆ ಕೊಟ್ಟಂತಾಗುತ್ತದೆ.

ಯಾವ ಬರಹವೂ ಮಟ್ಟ ಮುಟ್ಟದಿದ್ದರೆ ಏನು ಮಾಡಬೇಕು? ಸದಾಶಿವ ಪೇಠದಲ್ಲಿ ವಾಸಿಸುವವರು ಈ ಪ್ರಶ್ನೆಗೆ ದೂರ ಹೋಗಬೇಕಾಗಿಲ್ಲ. 1906ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಸಾಹಿತ್ಯ ಪರಿಷತ್ತಿನ ಕಟ್ಟಡವೂ ಭರತ ನಾಟ್ಯ ಮಂದಿರವೂ ಈ ಪೇಠದಲ್ಲಿಯೇ ಇವೆ. ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆ 1963ರಿಂದ ನಡೆಸುತ್ತ ಬಂದಿರುವ ಪುರುಷೋತ್ತಮ ಕರಂಡಕ ಎಂಬ ಅಂತರ ಕಾಲೇಜು ಏಕಾಂಕ ಸ್ಪರ್ಧೆ ಭರತ ನಾಟ್ಯ ಮಂದಿರದಲ್ಲಿ ತರುಣರ ಜಯಘೋಷದೊಂದಿಗೆ ನಡೆಯುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. 2022ರಲ್ಲಿ ತೀರ್ಪುಗಾರರು ಯಾವ ಏಕಾಂಕವೂ ಕರಂಡಕಕ್ಕೆ ಅರ್ಹವಲ್ಲವೆಂದು ಅದನ್ನು ಯಾರಿಗೂ ಕೊಡಲಿಲ್ಲ. ನಗರದಲ್ಲಿ ಬಹಳ ಚರ್ಚೆಯಾಯಿತು. ನಿರ್ಭೀತ ತೀರ್ಪೆಂದು ಕೆಲವರು, ಹುಡುಗರ ಶ್ರಮಕ್ಕೆ ಅವಮಾನವೆಂದು ಕೆಲವರು. ದಶಕಗಳಿಂದ ಗಳಿಸಿದ ಗೌರವವಿರುವ ಪಾರಿತೋಷಕಕ್ಕೆ ಅಷ್ಟು ಕಠಿಣವಾಗುವ ಅಧಿಕಾರವಿದೆ. ಏಳು ಬರಹಗಳು ಬಂದ ತಿಂಗಳ ಸ್ಪರ್ಧೆಗೆ ಆ ಬಿಗುಮಾನ ಒಪ್ಪುವುದಿಲ್ಲ. ಆ ಏಳರಲ್ಲಿ ಮೊದಲನೆಯದು ಮೊದಲನೆಯದೇ. ಅದಕ್ಕೆ ಬಹುಮಾನ ಕೊಡಬೇಕು.

ನಕಲಿನ ಶಂಕೆ ಹಳೆಯದು. ಈಗ ಯಂತ್ರವೇ ಪ್ರಬಂಧ ಬರೆದುಕೊಡುವ ಕಾಲ ಬಂದಿರುವುದರಿಂದ ಶಂಕೆ ಇಮ್ಮಡಿಯಾಗಿದೆ. ಪತ್ತೇದಾರಿಗೆ ಇಳಿಯುವುದರಿಂದ ನಿರಪರಾಧಿಗಳಿಗೇ ನೋವಾಗುತ್ತದೆ. ಬಹುಮಾನಿತರು ತಿಂಗಳ ಸಭೆಯಲ್ಲಿ ತಮ್ಮ ಬರಹವನ್ನು ತಾವೇ ಓದಿ, ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬ ಪದ್ಧತಿ ಇದ್ದರೆ ಸಾಕು. ಬರೆದವರಿಗೆ ಅದು ಸಂತೋಷ, ಬರೆಯದವರಿಗೆ ಅದೇ ಪರೀಕ್ಷೆ.

ಸೋತವರಿಗೆ ಏನು ಸಿಗುತ್ತದೆ ಎಂಬುದು ನನಗೆ ಬಹುಮಾನಕ್ಕಿಂತ ಮುಖ್ಯವಾಗಿ ತೋರುತ್ತದೆ. ಹದಿನೈದರಲ್ಲಿ ಹನ್ನೆರಡು ಮಂದಿ ಪ್ರತಿ ತಿಂಗಳೂ ಸೋಲುತ್ತಾರೆ; ಮುಂದಿನ ತಿಂಗಳು ಲಕೋಟೆ ಕಳುಹಿಸಬೇಕಾದವರು ಅವರೇ. ಪ್ರತಿಯೊಂದು ಬರಹಕ್ಕೂ ತೀರ್ಪುಗಾರರಲ್ಲೊಬ್ಬರು ನಾಲ್ಕು ಸಾಲಿನ ಷರಾ ಬರೆದುಕೊಡಬೇಕು: ಯಾವ ವಾಕ್ಯ ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ಓದು ಎಡವಿತು. 'ಉತ್ತಮ ಪ್ರಯತ್ನ' ಎಂಬುದು ಷರಾ ಅಲ್ಲ. ಷರಾ ಅಂಕೆಯ ಹೆಸರಿನಲ್ಲಿಯೇ ಹೋಗಿ, ಪಟ್ಟಿ ಇಟ್ಟವರ ಮೂಲಕ ಲೇಖಕರಿಗೆ ತಲುಪಲಿ. ಮೂವರೂ ಐದೈದು ಹಂಚಿಕೊಂಡರೆ ಕೆಲಸ ಹೊರೆಯಾಗುವುದಿಲ್ಲ, ಆದರೆ ಇನ್ನೂ ಮೂರು ದಿನಗಳಾದರೂ ಬೇಕಾಗುತ್ತವೆ. ಈಗ ತಿಂಗಳ 20ನೆಯ ತಾರೀಖನ್ನು ಕಡೆಯ ದಿನವಾಗಿ ಇಟ್ಟುಕೊಂಡಿರುವ ಸಂಘಗಳು ಅದನ್ನು 17ಕ್ಕೆ ತರುವುದು ಒಳ್ಳೆಯದು.