ಒಂದು ಸೆಕೆಂಡಿನ ಅಂತರ

ಯಾದಗಿರಿಯಿಂದ ಭೀಮೆಯ ಸೇತುವೆ ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ನೋಡುತ್ತ ಸುರಪುರ ಸೇರುವ ಪ್ರಯಾಣಿಕನು ಬಸ್ಸಿನ ಚಾಲಕನನ್ನು ಮೆಚ್ಚಿಯಾನು. ಡಿಪೋದಲ್ಲಿ ಬಸ್ಸನ್ನು ಸಜ್ಜುಗೊಳಿಸಿದವರನ್ನು ನೆನೆಯುವುದು ಅಪರೂಪ. ಮೋಟಾರು ಪಂದ್ಯಗಳ ಲೋಕದಲ್ಲಿಯೂ ಹಾರವು ಚಾಲಕನ ಕೊರಳಿಗೇ. ಯಂತ್ರ, ಜನ, ಹಣ ಮೂರನ್ನೂ ಹೊಂದಿಸುವ ತಂಡದ ಮುಖ್ಯಸ್ಥನು ಸಾಮಾನ್ಯವಾಗಿ ತೆರೆಯ ಮರೆಯಲ್ಲಿರುತ್ತಾನೆ.

ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಮಾತ್ರ ಮರೆಯಲ್ಲಿ ನಿಲ್ಲುವವರಾಗಿರಲಿಲ್ಲ. ತಾರುಣ್ಯದಲ್ಲಿ ಮದರಾಸಿನ ಬಳಿಯ ಶೋಳವರಂ ಪಂದ್ಯಗಳಲ್ಲಿ ತಾವೇ ಕಾರು ಓಡಿಸಿದ್ದ ಅವರು, ೨೦೦೭ರಲ್ಲಿ ಹಾಲೆಂಡಿನ ಮೋಲ್ ಕುಟುಂಬದೊಡನೆ ಸ್ಪೈಕರ್ ತಂಡವನ್ನು ಕೊಂಡು ‘ಫೋರ್ಸ್ ಇಂಡಿಯಾ’ ಎಂದು ಹೆಸರಿಟ್ಟರು. ಮೊದಲ ವರ್ಷ ಒಂದು ಅಂಕವೂ ದೊರೆಯಲಿಲ್ಲ.

ಮರುವರ್ಷ ಮರ್ಸಿಡಿಸ್ ಎಂಜಿನ್ ಬಂದಿತು. ೨೦೦೯ರ ಆಗಸ್ಟ್ ೩೦ರಂದು, ಬೆಲ್ಜಿಯಮಿನ ಸ್ಪಾದಲ್ಲಿ, ಇಟಲಿಯ ಫಿಸಿಕೆಲ್ಲಾ ಈ ಬಡ ತಂಡದ ಕಾರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿಕೊಂಡು ಪಂದ್ಯಕ್ಕೆ ಹೊರಟನು. ಏಳು ಕಿಲೋಮೀಟರಿನ ಹಾದಿ, ನಲವತ್ತನಾಲ್ಕು ಸುತ್ತು. ಬ್ರೇಕಿನ ಶಕ್ತಿಯನ್ನು ಕೂಡಿಟ್ಟು ಮರಳಿ ಬಳಸುವ ಸಾಧನವೊಂದು ಫೆರಾರಿಗಿತ್ತು, ಫೋರ್ಸ್ ಇಂಡಿಯಾಕ್ಕಿರಲಿಲ್ಲ. ಅದರ ಬಲದಿಂದ ರಾಯ್ಕೊನೆನ್ ಐದನೆಯ ಸುತ್ತಿನಲ್ಲೇ ಮುಂದಾದನು. ಫಿಸಿಕೆಲ್ಲಾ ಬೆನ್ನು ಬಿಡಲಿಲ್ಲ. ಕೊನೆಗೆ ಉಳಿದದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರ!

ಕೆಲವೇ ದಿನಗಳಲ್ಲಿ ಅದೇ ಫೆರಾರಿ ಫಿಸಿಕೆಲ್ಲಾನನ್ನು ಕರೆಯಿತು. ಮಲ್ಯ ಅವನನ್ನು ಬಿಟ್ಟುಕೊಟ್ಟರು. ಮುಂದಿನ ಪಂದ್ಯ ಇಟಲಿಯ ಮೊಂಜಾದಲ್ಲಿ. ಅಲ್ಲಿ ಫೋರ್ಸ್ ಇಂಡಿಯಾದ ಸುಟಿಲ್ ನಾಲ್ಕನೆಯವನಾದನು. ಫೆರಾರಿಯಲ್ಲಿ ಕುಳಿತ ಫಿಸಿಕೆಲ್ಲಾ ಒಂಬತ್ತನೆಯವನು. ತಂಡ ಕಟ್ಟುವ ಕೌಶಲಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಹೆಸರಿನಲ್ಲಿ ಇಂಡಿಯಾ ಇದ್ದ ಆ ಕಾರಿನಲ್ಲಿ ಭಾರತದ ಚಾಲಕನೊಬ್ಬನೂ ಎಂದೂ ಪಂದ್ಯ ಓಡಲಿಲ್ಲವೆಂಬ ಕೊರಗು ಉಳಿದೇ ಇದೆ.

೨೦೧೨ರಲ್ಲಿ ಅವರ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು. ಅಲ್ಲಿನ ನೌಕರರು ಬಾಕಿ ಸಂಬಳಕ್ಕಾಗಿ ಬೀದಿಗಿಳಿದಿದ್ದಾಗ ಇತ್ತ ಕಾರುಗಳು ಓಡುತ್ತಲೇ ಇದ್ದವು; ಇದನ್ನು ಯಾವ ಪದಕವೂ ಮುಚ್ಚಲಾರದು. ಬ್ಯಾಂಕುಗಳ ಸಾಲದ ವಿವಾದದ ನಡುವೆ ೨೦೧೬ರ ಮಾರ್ಚಿಯಲ್ಲಿ ಮಲ್ಯ ಇಂಗ್ಲೆಂಡಿಗೆ ತೆರಳಿದರು. ಮುಂದಿನ ತಿಂಗಳು ಪಾಸ್‌ಪೋರ್ಟ್ ರದ್ದಾಯಿತು. ಹೊರದೇಶದ ಪಂದ್ಯಗಳಲ್ಲಿ ಹೊಣೆ ಉಪಮುಖ್ಯಸ್ಥ ಬಾಬ್ ಫರ್ನ್ಲಿಯದಾಯಿತು. ವಿಚಿತ್ರವೆಂದರೆ ಒಡೆಯನು ಕುಸಿದಂತೆಲ್ಲ ತಂಡ ಮೇಲೇರಿತು: ಆ ವರ್ಷವೂ ೨೦೧೭ರಲ್ಲಿಯೂ ಜಗತ್ತಿನಲ್ಲಿ ನಾಲ್ಕನೆಯ ಸ್ಥಾನ.

ಹಣ ಮಾತ್ರ ಬತ್ತಿತು. ೨೦೧೮ರ ಜುಲೈಯಲ್ಲಿ ಲಂಡನ್ನಿನ ನ್ಯಾಯಾಲಯವು ತಂಡವನ್ನು ಆಡಳಿತಾಧಿಕಾರಿಗಳ ವಶಕ್ಕೊಪ್ಪಿಸಿತು. ಅದಕ್ಕೆ ಮೊರೆಹೋದವನು ಅದೇ ತಂಡದ ಚಾಲಕ ಪೆರೆಜ್. ಅವನಿಗೂ ಹಣ ಬಾಕಿಯಿತ್ತು. ಆದರೂ ತಂಡ ಮುಚ್ಚಿಹೋಗದಂತೆ ತಡೆಯುವುದೇ ತನ್ನ ಉದ್ದೇಶವೆಂದನು. ಆಗಸ್ಟಿನಲ್ಲಿ ಕೆನಡದ ಲಾರೆನ್ಸ್ ಸ್ಟ್ರೋಲ್ ಬಳಗವು ಕೊಂಡಿತು. ಸಿಲ್ವರ್‌ಸ್ಟೋನಿನ ಕಾರ್ಖಾನೆಯಲ್ಲಿ ನಾನೂರೈದು ಮಂದಿಯ ಕೆಲಸ ಉಳಿಯಿತು.