ಕೈಮರ ಕಾವಲುಗಾರನಲ್ಲ

ಕೈಬರಹದ ಪಹಣಿಯ ಕಾಲದಲ್ಲಿ ನೋಡುವುದೂ ತಿದ್ದುವುದೂ ಹೆಚ್ಚುಕಡಿಮೆ ಗ್ರಾಮಲೆಕ್ಕಿಗರ ಕೈಯಲ್ಲೇ ಇತ್ತು. 2000ರ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಹಿರಿಯೂರಾಗಲಿ ಹೊಸದುರ್ಗವಾಗಲಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟ ಯಾರಿಗಾದರೂ ಪ್ರತಿ ಸಿಗುವಂತಾಯಿತು. ತಿದ್ದುವ ಅಧಿಕಾರ ಮಾತ್ರ ಬೆರಳಚ್ಚು ಒತ್ತಿ ಒಳಹೋಗುವ ಸಿಬ್ಬಂದಿಗೆ ಸೀಮಿತವಾಯಿತು. ನೋಡುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ, ಎರಡನ್ನೂ ಕೆಲಸ ನಡೆಯುವ ಜಾಗದಲ್ಲೇ ಪರೀಕ್ಷಿಸಬೇಕು ಎಂಬ ಈ ವಿವೇಕ ಇಂದು ಸಹಕಾರ ಸಂಘ, ಕಾಲೇಜು, ಆಸ್ಪತ್ರೆಗಳಿಗಾಗಿ ಪಿಎಚ್‌ಪಿ ಎಂಬ ಗಣಕ ಭಾಷೆಯಲ್ಲಿ ಜಾಲತಾಣ ಬರೆಯುವ ಪ್ರತಿಯೊಬ್ಬರಿಗೂ ಬೇಕು. ಅವರಲ್ಲಿ ಹಲವರು ನಂಬಿಕೊಂಡಿರುವುದು ರೀಡೈರೆಕ್ಟನ್ನು. ಆ ನಂಬಿಕೆ ತಪ್ಪು.

ಲಾಗಿನ್ ಆಗದವರು ಒಳಪುಟ ಕೇಳಿದರೆ ಅವರನ್ನು ಲಾಗಿನ್ ಪುಟಕ್ಕೆ ಕಳುಹಿಸುವುದು ರೀಡೈರೆಕ್ಟ್. ಸರ್ವರ್ 302 ಎಂಬ ಸಂಖ್ಯೆಯ ಜೊತೆ ಹೊಸ ವಿಳಾಸ ಬರೆದು ಕೊಡುತ್ತದೆ, ಬ್ರೌಸರ್ ಓದಿ ಅಲ್ಲಿಗೆ ಹೋಗುತ್ತದೆ. ಅದು ರಸ್ತೆಬದಿಯ ಕೈಮರವಷ್ಟೆ: ಒಪ್ಪಿದವರು ತಿರುಗುತ್ತಾರೆ, ಲೆಕ್ಕಿಸದವರು ನೇರ ನಡೆಯುತ್ತಾರೆ. ಬರಿಯ ಪಿಎಚ್‌ಪಿಯಲ್ಲಿ ಹೆಡರ್ ಎಂಬ ಆಜ್ಞೆ ಈ ಸೂಚನೆಯನ್ನು ಬರೆದಿಟ್ಟು ಸುಮ್ಮನಾಗುತ್ತದೆ. ಅದರ ಕೆಳಗಿನ ಸಾಲುಗಳು ಓಡುತ್ತಲೇ ಇರುತ್ತವೆ. ಎಕ್ಸಿಟ್ ಎಂದು ಬರೆಯದಿದ್ದರೆ, ಬಚ್ಚಿಡಬೇಕಾದ ಪುಟವೂ ಅದೇ ಉತ್ತರದ ಜೊತೆ ಹೊರಡುತ್ತದೆ. ಬ್ರೌಸರ್ ಅದನ್ನು ತೋರಿಸದಿರಬಹುದು, ಕರ್ಲ್‌ನಂಥ ಪುಕ್ಕಟೆ ಸಾಧನ ತೋರಿಸುತ್ತದೆ. ಕೆಳಗೆ ದಾಖಲೆ ಅಳಿಸುವ ಸಾಲಿದ್ದರೆ ಅದೂ ನಡೆದುಹೋಗುತ್ತದೆ. ಕೋಡ್‌ಇಗ್ನೈಟರ್ ಎಂಬ ಸಿದ್ಧ ಪಿಎಚ್‌ಪಿ ಚೌಕಟ್ಟಿನ (ಫ್ರೇಮ್‌ವರ್ಕ್) 3ನೇ ಆವೃತ್ತಿಯಲ್ಲಿ ರೀಡೈರೆಕ್ಟ್ ಎಂದೊಡನೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. 4ನೆಯದರಲ್ಲಿ, ಲಾರಾವೆಲ್ ಎಂಬ ಇನ್ನೊಂದು ಚೌಕಟ್ಟಿನಲ್ಲಿಯೂ, ಅದರ ಮೊದಲು ರಿಟರ್ನ್ ಎಂದು ಬರೆಯಲೇಬೇಕು. ಹಳೆಯ ಅಭ್ಯಾಸದಲ್ಲಿ ಬರೆದ ಸಾಲು ಅಲ್ಲಿ ಯಾರನ್ನೂ ತಡೆಯುವುದಿಲ್ಲ.

ಚೌಕಟ್ಟುಗಳು ಇದನ್ನೆಲ್ಲ ನೋಡಿಕೊಳ್ಳುತ್ತವಲ್ಲ ಎಂದು ಕೇಳಬಹುದು. ಕೋಡ್‌ಇಗ್ನೈಟರ್‌ನ ಫಿಲ್ಟರ್, ಲಾರಾವೆಲ್‌ನ ಮಿಡಲ್‌ವೇರ್ ಪುಟದ ಕೆಲಸ ಶುರುವಾಗುವ ಮೊದಲೇ ತಡೆದು ವಿಚಾರಿಸುತ್ತವೆ, ನಿಜ, ಅವನ್ನು ಬಳಸಲೇಬೇಕು. ಆದರೆ ಅವು ಸಾಮಾನ್ಯವಾಗಿ ಕೇಳುವುದು ‘ಲಾಗಿನ್ ಆಗಿದ್ದಾರೆಯೇ?’ ಎಂದಷ್ಟೆ. ಹೊಳಲ್ಕೆರೆಯ ಅಡಿಕೆ ಬೆಳೆಗಾರರ ಸಂಘವೊಂದಕ್ಕೆ ಜಾಲತಾಣವಿದೆ ಎಂದುಕೊಳ್ಳಿ. 1043ನೇ ಸದಸ್ಯರು ಸರಿಯಾಗಿಯೇ ಲಾಗಿನ್ ಆಗಿ, ವಿಳಾಸದಲ್ಲಿರುವ ತಮ್ಮ ಸಂಖ್ಯೆಯನ್ನು 1044 ಮಾಡಿದರೆ ಪಕ್ಕದವರ ಸಾಲದ ಲೆಕ್ಕ ತೆರೆದುಕೊಳ್ಳಬಾರದು. ಯಾವ ಲೆಕ್ಕ ಯಾರದು ಎಂಬುದು ಚೌಕಟ್ಟಿಗೆ ಗೊತ್ತಿಲ್ಲ. ಲಾರಾವೆಲ್ ಇದಕ್ಕೆಂದೇ ಪಾಲಿಸಿ ಎಂಬ ಅನುಕೂಲ ಕೊಟ್ಟಿದೆ, ನಿಯಮವನ್ನು ಮಾತ್ರ ಜಾಲತಾಣ ಕಟ್ಟುವವರೇ ಬರೆಯಬೇಕು. ಸಣ್ಣ ಸಂಘದ ಲೆಕ್ಕ ಯಾರಿಗೆ ಬೇಕು ಎಂಬ ಮಾತು ನಿಲ್ಲದು; ಸಾಲದ ವಿವರ ಪಕ್ಕದ ಮನೆಯವರಿಗೆ ತಿಳಿದರೂ ಮಾನ ಹೋಗುತ್ತದೆ. ದೊಡ್ಡವರೂ ಇದರಲ್ಲೇ ಎಡವಿದ್ದಾರೆ. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ಆಸ್ತಿ ಹಕ್ಕು ವಿಮಾ ಕಂಪನಿಯ ಸುಮಾರು 88.5 ಕೋಟಿ ದಾಖಲೆಗಳು, ವಿಳಾಸದ ಅಂಕಿ ಬದಲಿಸಿದರೆ ಸಾಕು ಎಂಬಂತೆ ಬಯಲಿಗೆ ಬಿದ್ದಿದ್ದವು. ಜಾಲತಾಣಗಳ ಅಪಾಯಗಳನ್ನು ಪಟ್ಟಿ ಮಾಡುವ ಒವಾಸ್ಪ್ ಸಂಸ್ಥೆ 2017ರಲ್ಲಿ 5ನೇ ಸ್ಥಾನದಲ್ಲಿಟ್ಟಿದ್ದ ಈ ದೋಷವನ್ನು 2021ರಲ್ಲಿ ಮೊದಲ ಸ್ಥಾನಕ್ಕೆ ತಂದಿತು.

ತಪಾಸಣೆ ಹೆಚ್ಚಾದರೆ ಬಳಸುವವರಿಗೆ ಕಿರಿಕಿರಿ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಸರ್ವರ್ ಒಳಗಿನ ಈ ಪರೀಕ್ಷೆ ಹಕ್ಕುದಾರರ ಕಣ್ಣಿಗೇ ಬೀಳುವುದಿಲ್ಲ. ರೀಡೈರೆಕ್ಟಿಗೂ ಅದರದೇ ಸರಿಯಾದ ಕೆಲಸವಿದೆ: ಲಾಗಿನ್ ಆದವರನ್ನು ಅವರು ಮೊದಲು ಕೇಳಿದ್ದ ಪುಟಕ್ಕೇ ಮರಳಿಸುವುದು. ಆ ಮರಳುವ ವಿಳಾಸ ನಮ್ಮ ತಾಣದ್ದೇ ಎಂದು ನೋಡಿಕೊಳ್ಳದಿದ್ದರೆ ವಂಚಕರು ನಮ್ಮ ಹೆಸರಿನ ಕೊಂಡಿಯಿಂದಲೇ ಜನರನ್ನು ನಕಲಿ ಪುಟಕ್ಕೆ ಸಾಗಿಸುತ್ತಾರೆ. ಜಾಲತಾಣ ಮಾಡಿಸುವ ಸಂಘ, ಸಂಸ್ಥೆಗಳ ಪದಾಧಿಕಾರಿಗಳು ಬಿಲ್ ಪಾವತಿಸುವ ಮೊದಲು ಎರಡು ಪರೀಕ್ಷಾ ಖಾತೆ ತೆರೆಸಿ, ಒಂದರಿಂದ ಲಾಗಿನ್ ಆಗಿ ವಿಳಾಸದಲ್ಲಿ ಇನ್ನೊಂದರ ಸಂಖ್ಯೆ ಹಾಕಿಸಿ ನೋಡಲಿ. ಲೆಕ್ಕ ತೆರೆದುಕೊಂಡರೆ ಕೆಲಸ ಮುಗಿದಿಲ್ಲ, ಹಣ ಕೊಡಬಾರದು.