ಬಂದೂಕು ಒಲ್ಲೆನೆಂದ ಸಂಗೀತಗಾರರು

1943ರ ಜುಲೈ 11. ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಸೆರೆಮನೆಯಲ್ಲಿ ಕೈದಿಗಳಿಗಾಗಿ ಒಂದು ಸಂಗೀತ ಕಚೇರಿ. ಪಿಯಾನೊ ನುಡಿಸಿದವರು ಬೆಂಜಮಿನ್ ಬ್ರಿಟನ್, ಹಾಡಿದವರು ಪೀಟರ್ ಪಿಯರ್ಸ್. ಪಿಯಾನೊ ಪಕ್ಕದಲ್ಲಿ ಸ್ವರಲಿಪಿಯ ಹಾಳೆ ಮಗುಚಿಕೊಟ್ಟವರು ಮಾತ್ರ ಅದೇ ಸೆರೆಮನೆಯ ಕೈದಿ! ಅವರೇ ಸಂಗೀತ ಸಂಯೋಜಕ ಮೈಕೆಲ್ ಟಿಪೆಟ್. ಮೂವರಲ್ಲಿದ್ದ ಸಾಮ್ಯ ಒಂದೇ: ಯಾರನ್ನೂ ಕೊಲ್ಲಲಾರೆವೆಂದು ಅವರೆಲ್ಲ ಸೇನಾಸೇವೆಯನ್ನು ನಿರಾಕರಿಸಿದ್ದರು.

ಬ್ರಿಟನ್ನಿನಲ್ಲಿ 1916ರಲ್ಲಿ ಕಡ್ಡಾಯ ಸೇನಾಭರ್ತಿ ಜಾರಿಗೆ ಬಂದಾಗಲೇ ಆತ್ಮಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೇಳುವ ಹಕ್ಕೂ ಕಾನೂನಿನಲ್ಲಿ ಸೇರಿತ್ತು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 60,000 ಮಂದಿ ಹೀಗೆ ಅರ್ಜಿ ಹಾಕಿದರು. ನ್ಯಾಯಮಂಡಳಿ ಅವರನ್ನು ವಿಚಾರಿಸಿ ಪೂರ್ಣ ವಿನಾಯಿತಿ ಕೊಡಬಹುದಿತ್ತು, ಬೇಸಾಯದಂಥ ಕೆಲಸಕ್ಕೆ ಹಚ್ಚಬಹುದಿತ್ತು, ಸೇನೆಯಲ್ಲೇ ಆಯುಧ ಹಿಡಿಯದ ಕೆಲಸ ವಿಧಿಸಬಹುದಿತ್ತು, ಅರ್ಜಿಯನ್ನು ತಳ್ಳಿಹಾಕಲೂಬಹುದಿತ್ತು.

ಬ್ರಿಟನ್ ಅವರಿಗೆ ಕೊನೆಗೆ ಪೂರ್ಣ ವಿನಾಯಿತಿ ದೊರೆಯಿತು. ಟಿಪೆಟ್ ಅವರಿಗೆ ದೊರೆತದ್ದು ಷರತ್ತಿನ ವಿನಾಯಿತಿ. ಮಾರ್ಲಿ ಕಾಲೇಜಿನ ಸಂಗೀತ ನಿರ್ದೇಶಕರಾಗಿದ್ದ ಅವರು, ಸಂಗೀತವೇ ತಾವು ಸಮಾಜಕ್ಕೆ ಸಲ್ಲಿಸಬಲ್ಲ ಸೇವೆ ಎಂದು ಪಟ್ಟು ಹಿಡಿದು ಷರತ್ತನ್ನು ಒಪ್ಪಲಿಲ್ಲ. ಫಲ, ಮೂರು ತಿಂಗಳ ಸಜೆ.

ಈ ಮೊಕದ್ದಮೆಯಲ್ಲಿ ಟಿಪೆಟ್ ಪರ ಸಾಕ್ಷಿ ನುಡಿದವರಲ್ಲಿ ಹಿರಿಯ ಸಂಯೋಜಕ ವಾನ್ ವಿಲಿಯಮ್ಸ್ ಒಬ್ಬರು. ಮೊದಲನೆಯ ಮಹಾಯುದ್ಧದಲ್ಲಿ ಆಂಬುಲೆನ್ಸ್ ದಳದಲ್ಲೂ ಫಿರಂಗಿ ದಳದಲ್ಲೂ ದುಡಿದಿದ್ದ ಅವರಿಗೆ ಟಿಪೆಟ್ ಅವರ ನಿಲುವು ಸರಿಯೆನಿಸಿರಲಿಲ್ಲ. ಆದರೂ ಆ ನಿಲುವಿನ ಪ್ರಾಮಾಣಿಕತೆಗೆ ಬೆಂಬಲವಾಗಿ ನಿಂತರು. ಭಿನ್ನಾಭಿಪ್ರಾಯವಿದ್ದೂ ಗೌರವಿಸುವುದೆಂದರೆ ಇದೇ ಅಲ್ಲವೆ?

ಹಾಗೆಂದು ಎದುರುವಾದವನ್ನು ಹಗುರವಾಗಿ ಕಾಣುವಂತಿಲ್ಲ. ಹಿಟ್ಲರನ ವಿಮಾನಗಳು ಬಾಂಬು ಸುರಿಸುತ್ತಿದ್ದಾಗ ಎಲ್ಲರೂ ಆಯುಧ ಕೆಳಗಿಟ್ಟಿದ್ದರೆ ಏನಾಗುತ್ತಿತ್ತು? ಮಕ್ಕಳನ್ನು ರಣರಂಗಕ್ಕೆ ಕಳುಹಿಸಿದ ತಾಯಂದಿರಿಗೆ ಈ ಪ್ರಶ್ನೆ ಕೇಳುವ ಹಕ್ಕಿತ್ತು. ಟಿಪೆಟ್ ಅವರೂ ನಾಜಿ ಕ್ರೌರ್ಯಕ್ಕೆ ಕಣ್ಣು ಮುಚ್ಚಿದವರಲ್ಲ. 1938ರಲ್ಲಿ ಪ್ಯಾರಿಸ್ಸಿನಲ್ಲಿ ಯೆಹೂದಿ ತರುಣನೊಬ್ಬ ಜರ್ಮನ್ ರಾಜತಾಂತ್ರಿಕನಿಗೆ ಗುಂಡಿಕ್ಕಿದ. ಅದನ್ನೇ ನೆಪವಾಗಿಸಿ ನಾಜಿಗಳು ಯೆಹೂದಿಗಳ ಮೇಲೆ ಮುಗಿಬಿದ್ದರು. ಆ ನೋವಿನಿಂದಲೇ ಹುಟ್ಟಿತು ಅವರ ‘ಎ ಚೈಲ್ಡ್ ಆಫ್ ಅವರ್ ಟೈಮ್’. ಅಮೆರಿಕದ ಕಪ್ಪು ಜನರ ಭಕ್ತಿಗೀತೆಗಳನ್ನೂ ಒಳಗೊಂಡ ಈ ಕೃತಿ 1944ರ ಮಾರ್ಚ್ 19ರಂದು, ಯುದ್ಧದ ನಡುವೆಯೇ, ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡಿತು.

ಬ್ರಿಟನ್ ಅವರ ಉತ್ತರ 1962ರಲ್ಲಿ ಬಂತು. 1940ರ ಬಾಂಬು ದಾಳಿಯಲ್ಲಿ ನಾಶವಾದ ಕವೆಂಟ್ರಿಯ ಕೆಥೆಡ್ರಲ್ ಪಕ್ಕದಲ್ಲೇ ಹೊಸದು ಎದ್ದಾಗ, ಅಲ್ಲಿ ಅವರ ‘ವಾರ್ ರಿಕ್ವಿಯಂ’ ಮೊಳಗಿತು. ಅದಕ್ಕೆ ಅವರು ಆರಿಸಿಕೊಂಡದ್ದು ವಿಲ್ಫ್ರೆಡ್ ಓವನ್ನನ ಕವಿತೆಗಳನ್ನು. ಓವನ್ ಸೈನಿಕ; 1918ರಲ್ಲಿ ಯುದ್ಧ ಮುಗಿಯಲು ಒಂದೇ ವಾರವಿದ್ದಾಗ ಮಡಿದವನು. ಬಂದೂಕು ಹಿಡಿದವನ ನುಡಿಗೆ ಹಿಡಿಯದವನ ಸ್ವರ ಸೇರಿತು.

ಸೆರೆಗೆ ತಳ್ಳಿದ್ದ ದೇಶವೇ 1966ರಲ್ಲಿ ಟಿಪೆಟ್ ಅವರಿಗೆ ‘ಸರ್’ ಪದವಿ ಕೊಟ್ಟಿತು. 1994ರ ಮೇ 15ರಂದು ಲಂಡನ್ನಿನ ಟ್ಯಾವಿಸ್ಟಾಕ್ ಚೌಕದಲ್ಲಿ, ಕೊಲ್ಲಲೊಲ್ಲೆನೆಂದವರ ನೆನಪಿನ ಶಿಲೆಯನ್ನು ಅನಾವರಣಗೊಳಿಸಿದವರೂ ಅವರೇ. ಅದೇ ಉದ್ಯಾನದಲ್ಲಿ 1968ರಿಂದಲೂ ಗಾಂಧೀಜಿಯವರ ಪ್ರತಿಮೆ ಇದೆ. ಆ ಶಿಲೆಗೆ ಅದಕ್ಕಿಂತ ತಕ್ಕ ನೆರೆ ಬೇರೆಲ್ಲಿ ಸಿಕ್ಕೀತು?